ಗುಜರಿ ಗೋದಾಮಿನ ಸುರಕ್ಷತೆ: ಮೂಟೆ ಬಿಚ್ಚುವಾಗ, ಯಂತ್ರ ಸಿಕ್ಕಿಕೊಂಡಾಗ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಾಗಲಿ, ಹರಿಹರದ ಕಡೆಯ ಶೆಡ್ಡುಗಳಲ್ಲಾಗಲಿ, ಪ್ಲಾಸ್ಟಿಕ್, ರಟ್ಟು, ಕಬ್ಬಿಣದ ಗುಜರಿ ನಡೆಸುವವರು ಸುರಕ್ಷತೆ ಎಂದೊಡನೆ ಕೈಗವಸು, ಮಾಸ್ಕ್ ತರಿಸುವ ಮಾತಾಡುತ್ತಾರೆ. ಅವನ್ನು ಕೊಡಲೇಬೇಕು, ಸಮವಸ್ತ್ರ, ಕೈಗವಸು, ಪಾದರಕ್ಷೆ, ಮಾಸ್ಕ್ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಹೇಳಲಾಗಿತ್ತು. ಆದರೆ ಈ ಕೆಲಸದಲ್ಲಿ ಹೆಚ್ಚು ಅಪಾಯದ ಗಳಿಗೆಗಳು ಎರಡು ಎಂಬುದು ನನ್ನ ಖಚಿತ ಅಭಿಪ್ರಾಯ: ಬಂದ ಮೂಟೆಯನ್ನು ಬಿಚ್ಚುವಾಗ ಮತ್ತು ಓಡುವ ಯಂತ್ರ ಸಿಕ್ಕಿಕೊಂಡು ನಿಂತಾಗ. ನಿರ್ವಹಣೆಯನ್ನು ಅಲ್ಲಿಂದ ಆರಂಭಿಸಬೇಕು.

ಮೂಟೆಯೊಳಗೆ ಏನಿದೆ ಎಂಬುದು ಬಿಚ್ಚುವವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಅದರೊಳಗೆ ಕೈ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸೊಂಟದೆತ್ತರದ ಮೇಜಿನ ಮೇಲೆ ಸುರಿದು, ಉದ್ದ ಹಿಡಿಯ ಕೊಕ್ಕೆಯಿಂದ ಹರಡಿ ನೋಡಿದ ಮೇಲಷ್ಟೇ ವಿಂಗಡಿಸಬೇಕು. ದಿನವಿಡೀ ಬಗ್ಗಿ ಆರಿಸುವ ಹೆಂಗಸರ ಬೆನ್ನಿಗೂ ಇದರಿಂದ ಆರಾಮ. ಸಿರಿಂಜ್ ಕಂಡರೆ ಇಕ್ಕಳದಿಂದ ಎತ್ತಿ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಹಾಕಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು, ಕೂಡಲೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ, ಬೇಗ ಆದಷ್ಟೂ ಒಳ್ಳೆಯದು. ಮೊಬೈಲ್ ಬ್ಯಾಟರಿ, ಸ್ಪ್ರೇ ಡಬ್ಬಿ, ಸಣ್ಣ ಗ್ಯಾಸ್ ಸಿಲಿಂಡರುಗಳು ಒತ್ತುವ ಯಂತ್ರಕ್ಕೆ ಹೋದರೆ ಸಿಡಿಯುತ್ತವೆ ಅಥವಾ ಹೊತ್ತಿಕೊಳ್ಳುತ್ತವೆ. ಅವುಗಳನ್ನು ರಟ್ಟಿನ ರಾಶಿಯಿಂದ ದೂರ ಇಡಬೇಕು. ತಾಮ್ರಕ್ಕಾಗಿ ವೈರ್ ಸುಡಲು, ಸೀಸಕ್ಕಾಗಿ ಬ್ಯಾಟರಿ ಒಡೆಯಲು ಯಾವ ಕಾರಣಕ್ಕೂ ಯಾರಿಗೂ ಅವಕಾಶ ಕೊಡಬಾರದು. ಸೀಸದ ಧೂಳು ಬಟ್ಟೆಗೆ ಅಂಟಿ ಮನೆಯ ಮಕ್ಕಳವರೆಗೂ ತಲುಪುತ್ತದೆ.

ಇನ್ನು ಯಂತ್ರ. ಪ್ಲಾಸ್ಟಿಕ್ ಪುಡಿ ಮಾಡುವ ಗ್ರೈಂಡರಿಗೆ ಚೀಲದ ದಾರ ಸುತ್ತಿಕೊಂಡು ಅದು ನಿಲ್ಲುತ್ತದೆ. ಕೆಲಸಗಾರ ಬಟನ್ ಒತ್ತಿ ಆಫ್ ಮಾಡಿ, ಬ್ಲೇಡಿನ ನಡುವೆ ಕೈ ಹಾಕಿ ದಾರ ಎಳೆಯುತ್ತಾನೆ. ಆ ಹೊತ್ತಿಗೆ ಇನ್ನೊಬ್ಬ ಬಂದು ಯಂತ್ರ ಸುಮ್ಮನೆ ನಿಂತಿದೆ ಎಂದುಕೊಂಡು ಚಾಲೂ ಮಾಡಿದರೆ ಬೆರಳು ಉಳಿಯುವುದಿಲ್ಲ. ಇದಕ್ಕೆ ಬೇಕಾದದ್ದು ಮೇನ್ ಸ್ವಿಚ್ಚಿಗೆ ಒಂದು ಬೀಗ ಮಾತ್ರ. ಸ್ವಿಚ್ ಆಫ್ ಮಾಡಿ, ಬೀಗ ಜಡಿದು, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದು, ಚಾಲೂ ಬಟನ್ ಒತ್ತಿ ಯಂತ್ರ ಓಡುವುದಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ಮುಚ್ಚಳ ತೆಗೆಯಬೇಕು. ಬೀಗದ ಕೈ ಮೇಸ್ತ್ರಿಯ ಬಳಿಯಲ್ಲ, ಒಳಗೆ ಕೈ ಹಾಕುವವರ ಜೇಬಿನಲ್ಲಿರಬೇಕು. ಗುಜರಿಯನ್ನು ಒತ್ತಿ ಬೇಲ್ (ದಿಂಡು) ಕಟ್ಟುವ ಹೈಡ್ರಾಲಿಕ್ ಯಂತ್ರದಲ್ಲಿ ಎಣ್ಣೆಯ ಒತ್ತಡವನ್ನೂ ಇಳಿಸಬೇಕು. ವಿಂಗಡಣೆಯಲ್ಲಿ ಕಾಪಾಡುವ ಕೈಗವಸೇ ತಿರುಗುವ ರೋಲರಿನ ಬಳಿ ಕೈಯನ್ನು ಒಳಗೆಳೆಯುತ್ತದೆ ಎಂಬುದನ್ನು ಹೊಸಬರಿಗೆ ತೋರಿಸಿಯೇ ಹೇಳಬೇಕು. ನಮ್ಮ ಕಡೆಯ ಹೆಂಗಸರು ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿ ಒಳ್ಳೆಯದೇ, ಆದರೆ ತೋಳಿನ ಗುಂಡಿ ಹಾಕಿರಬೇಕು, ಸೆರಗು ಅಂಗಿಯೊಳಗಿರಬೇಕು.

ಮಾರ್ಚ್‌ನಿಂದ ಮೇವರೆಗೆ ತಗಡಿನ ಶೆಡ್ಡು ಕಾದ ಹಂಚಿನಂತಾಗುವುದರಿಂದ ಭಾರ ಹೊರುವ ಕೆಲಸವನ್ನು ಬೆಳಗಿನ ಹೊತ್ತಿಗೆ ಮುಗಿಸುವುದು, ಕುಡಿಯುವ ನೀರನ್ನು ಕೈಗೆಟಕುವಲ್ಲಿ ಇಡುವುದು ಅಗತ್ಯ. ಎಲ್ಲರಿಗೂ ಧನುರ್ವಾಯು ಲಸಿಕೆ ಮತ್ತು ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಹಾಕಿಸಬೇಕು. ಗುತ್ತಿಗೆಯವರು, ದಿನಗೂಲಿಯವರು ಎಂದು ಯಾರನ್ನೂ ಬಿಡಬಾರದು.

ಕೊನೆಯದಾಗಿ, ಒಂದು ದಪ್ಪ ಪುಸ್ತಕ. ಗಾಯವಾದದ್ದಷ್ಟೇ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಅದರಲ್ಲಿ ಬರೆಯಬೇಕು. ಓದುಬರಹ ಬಾರದವರು ಹೇಳಿದ್ದನ್ನು ಮೇಸ್ತ್ರಿ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಹೇಳಿದ್ದಕ್ಕಾಗಿ ಯಾರ ಕೂಲಿಯನ್ನೂ ಹಿಡಿಯಬಾರದು. ಶನಿವಾರ ಬಟವಾಡೆಗೆ ಮುಂಚೆ ಎಲ್ಲರೆದುರು ಅದನ್ನು ಓದಿ, ಪ್ರತಿ ದೂರಿನ ಪಕ್ಕದಲ್ಲಿ ಸರಿಪಡಿಸಬೇಕಾದವರ ಹೆಸರು ಬರೆಯಬೇಕು. ಯಂತ್ರದ ದೂರಾಗಿದ್ದರೆ, ರಿಪೇರಿಯಾದ ದಿನಾಂಕ ಬೀಳುವವರೆಗೆ ಆ ಯಂತ್ರದ ಬೀಗ ತೆಗೆಯಬಾರದು.