ಎಂಟು ಮೀಟರ್ ಹಗ್ಗ, ನಾಲ್ವರು ಡಿಫೆಂಡರ್‌ಗಳು

ಸೀಸನ್ ಮುಗಿದ ವಾರವೇ ಮ್ಯಾನೇಜ್‌ಮೆಂಟ್‌ನವರು ಕರೆದು, "ಡಿಫೆನ್ಸ್ ಪೂರ್ತಿ ಬದಲಾಯಿಸಿ ಸರ್" ಅಂದರು. ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಆಡುವ ಕ್ಲಬ್ ನಮ್ಮದು, ನಾನು ಕೋಚ್. ಹೊಸಬರನ್ನು ತರಲು ಸ್ವಲ್ಪ ದುಡ್ಡೂ ಇತ್ತು. ನಾನು ಹತ್ತು ದಿನ ಟೈಮ್ ಕೇಳಿ, ಬಿಟ್ಟುಕೊಟ್ಟ ಗೋಲುಗಳ ವಿಡಿಯೋ ಎಲ್ಲ ಕೂಡಿಹಾಕಿಕೊಂಡು ಮನೆಯಲ್ಲಿ ಕೂತೆ.

ಎಲ್ಲರೂ ಬೈಯುತ್ತಿದ್ದದ್ದು ಹಿರಿಯ ಸ್ಟಾಪರ್‌ನನ್ನು, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ನನ್ನು. ವಯಸ್ಸು 33, ಓಟ ಕಮ್ಮಿಯಾಗಿದೆ ಅಂತ. ಆದರೆ ಗೋಲಿಗೆ ಹತ್ತು ಸೆಕೆಂಡ್ ಮುಂಚೆ ವಿಡಿಯೋ ನಿಲ್ಲಿಸಿ ನೋಡಿದರೆ, ಅವನಿಗೂ ಎಡಗಡೆ ಕಾಯುವ ಲೆಫ್ಟ್ ಬ್ಯಾಕ್ ಹುಡುಗನಿಗೂ ನಡುವೆ ಲಾರಿ ನುಗ್ಗುವಷ್ಟು ಜಾಗ. ಹುಡುಗ ಅಂಚಿನಲ್ಲಿ ಓಡುವ ಎದುರಾಳಿ ವಿಂಗರ್‌ನ ಹಿಂದೆ ಗೆರೆಯವರೆಗೂ ಹೋಗುತ್ತಿದ್ದ, ಇವನು ಗೋಲಿನ ಮುಂದಿನ ಬಾಕ್ಸ್ ಬಿಟ್ಟು ಕದಲುತ್ತಿರಲಿಲ್ಲ. ಅಂತರ ಎಷ್ಟಿರಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಮೈದಾನದ ಅಗಲ 68 ಮೀಟರ್. ನಾಲ್ವರು ಸಮನಾಗಿ ಹಂಚಿಕೊಂಡರೆ ತಲಾ 17 ಮೀಟರ್, ಅಷ್ಟು ಜಾಗ ಯಾರಿಂದಲೂ ಕಾಯಲಾಗದು. ಅದಕ್ಕೇ ಒತ್ತಾಗಿ ನಿಂತು, ಚೆಂಡು ಎತ್ತಲೋ ನಾಲ್ವರೂ ಅತ್ತಲೇ ಸರಿಯಬೇಕು. ಆಚೆ ತುದಿ ಖಾಲಿ ಬಿದ್ದಿರಲಿ; ಚೆಂಡು ಗಾಳಿಯಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ವಾಪಸ್ ಸರಿಯಬಹುದು. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಮ್ಯಾನೇಜರ್ ಆಗಿದ್ದ ಜಾರ್ಜ್ ಗ್ರಹಾಂ ಡಿಫೆಂಡರ್‌ಗಳಿಗೆ ಹಗ್ಗ ಹಿಡಿಸಿ ಕಲಿಸಿದ ಕಥೆ ಫುಟ್‌ಬಾಲ್ ಮಂದಿಗೆಲ್ಲ ಗೊತ್ತು. 1990–91ರ ಲೀಗ್‌ನಲ್ಲಿ ಆ ತಂಡ 38 ಪಂದ್ಯಗಳಲ್ಲಿ ಬಿಟ್ಟದ್ದು ಬರೀ 18 ಗೋಲು. ನಾನೂ ಶಿವಾಜಿನಗರಕ್ಕೆ ಹೋಗಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತಂದು, ಎಂಟೆಂಟು ಮೀಟರಿನ ಮೂರು ತುಂಡು ಮಾಡಿದೆ.

ಹಗ್ಗವನ್ನು ಸೊಂಟಕ್ಕೆ ಕಟ್ಟಲೇಬಾರದು, ಒಬ್ಬ ಬಿದ್ದರೆ ಎಲ್ಲರೂ ಬೀಳುತ್ತಾರೆ. ಕೈಯಲ್ಲಿ ಹಿಡಿಯಬೇಕು. ಜೋತುಬಿದ್ದರೆ ತೀರ ಹತ್ತಿರ ಬಂದಿದ್ದಾರೆ, ಕೈಯಿಂದ ಕಿತ್ತುಕೊಂಡರೆ ತೀರ ದೂರ ಹೋಗಿದ್ದಾರೆ. ಎದುರಾಳಿಗಳಿಲ್ಲ, ನಾನು ಚೆಂಡು ಹಿಡಿದು ಅತ್ತಿತ್ತ ನಡೆಯುವುದು, ಅವರು ಸರಿಯುವುದು. ದಿನಕ್ಕೆ 20 ನಿಮಿಷ. ಮೂರನೇ ವಾರ ಹಗ್ಗ ತೆಗೆದೆ. ಲೆಫ್ಟ್ ಬ್ಯಾಕ್ ಹುಡುಗನ ಬಲಗೈ ಮುಷ್ಟಿ ಮಡಚಿಯೇ ಇತ್ತು, ಹಗ್ಗ ಇನ್ನೂ ಅಲ್ಲೇ ಇದ್ದ ಹಾಗೆ.

ಅದಕ್ಕಿಂತ ಕಷ್ಟದ್ದು ಮಾತು. ಒಬ್ಬ ಮಿಜೋರಾಂನವನು, ಒಬ್ಬ ಕೇರಳದವನು, ಹಿರಿಯವನು ಹಲಸೂರಿನವನು, ಹುಡುಗ ಆಸ್ಟಿನ್ ಟೌನ್‌ನವನು. ಒಬ್ಬನ ಕೂಗು ಇನ್ನೊಬ್ಬನಿಗೆ ತಿಳಿಯದೆ ಎಲ್ಲರೂ ಬಾಯಿ ಮುಚ್ಚಿಕೊಂಡೇ ಆಡುತ್ತಿದ್ದರು. ಕೂತು ಮೂರೇ ಪದ ಗೊತ್ತುಮಾಡಿದೆವು: ನಾಲ್ವರ ಲೈನ್ ಮುಂದಕ್ಕೆ ಹೋಗಲು "ಏರು", ಹಿಂದಕ್ಕೆ "ಇಳಿ", ಚೆಂಡು ತಾನೇ ತಗೊಳ್ಳುವುದಾದರೆ "ನಂದು". "ಏರು" ಅನ್ನುವ ಹಕ್ಕು ಹಿರಿಯವನಿಗೆ ಮಾತ್ರ, ಯಾಕೆಂದರೆ ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಎದುರಾಳಿ ಆನ್‌ಸೈಡ್, ಅಂದರೆ ಮಿಕ್ಕ ಮೂವರ ಬೆನ್ನ ಹಿಂದೆ ಅವನು ಚೆಂಡು ತಗೊಂಡರೂ ತಪ್ಪಾಗದು. ತೆಗೆದುಹಾಕಿ ಅಂದಿದ್ದರಲ್ಲ, ಅವನ ಗಂಟಲೇ ನಮಗೆ ಬೇಕಾಗಿದ್ದದ್ದು. ಇದ್ದ ದುಡ್ಡಿನಲ್ಲಿ ಒಬ್ಬನನ್ನೇ ತಂದೆ, ಡಿಫೆನ್ಸಿನ ಮುಂದೆ ನಿಲ್ಲುವ ಮಿಡ್‌ಫೀಲ್ಡರ್.

ಮೊದಲ ಪ್ರಾಕ್ಟೀಸ್ ಮ್ಯಾಚ್ ಜೂನ್ ಮಳೆಯಲ್ಲಿ ನಡೆಯಿತು. ಒಂದು ಗೋಲು ಬಿಟ್ಟೆವು. ಕಾರ್ನರ್‌ನಲ್ಲಿ ಹೊರಗೆ ಹೊಡೆದ ಚೆಂಡು ತಿರುಗಿ ಬಾಕ್ಸಿಗೇ ಬಂತು, ಆಗ ಯಾರೂ ಏರಿರಲಿಲ್ಲ. ಅದರ ಕೆಲಸ ಮಾರನೇ ಬೆಳಿಗ್ಗೆಯೇ ಶುರುವಾಯಿತು. ಎಡಗಡೆಯ ಆ ಲಾರಿ ಜಾಗದಿಂದ ಮಾತ್ರ 90 ನಿಮಿಷದಲ್ಲಿ ಒಂದು ಪಾಸೂ ದಾಟಲಿಲ್ಲ. ಮಳೆಯ ಸದ್ದನ್ನೂ ಮೀರಿ ಮಿಜೋರಾಂ ಹುಡುಗ "ನಂದು, ನಂದು" ಅಂತ ಕೂಗುತ್ತಿದ್ದದ್ದು ಬೆಂಚಿನವರೆಗೂ ಕೇಳುತ್ತಿತ್ತು.