ಓದಿದ್ದು ಉಳಿಯಬೇಕೇ? ನಡುವೆ ಬಿಡುವು ಕೊಡಿ

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನಾನು ವರ್ಷವರ್ಷವೂ ನೋಡುವ ಸಂಕಟವಿದು. ಒಂದೇ ಅಧ್ಯಾಯವನ್ನು ರಾತ್ರಿಯೆಲ್ಲ ಹತ್ತು ಸಲ ಉರು ಹೊಡೆದ ಹುಡುಗಿ, ವಾರ ಕಳೆಯುವುದರೊಳಗೆ ಬೋರ್ಡ್ ಮುಂದೆ ತಡವರಿಸುತ್ತಾಳೆ. ಶ್ರಮವೇನೂ ಕಡಿಮೆಯಿರಲಿಲ್ಲ. ಮಿದುಳಿನ ಕಿಣ್ವಗಳಿಗೆ, ಅಂದರೆ ಕೋಶದೊಳಗಿನ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌ಗಳಿಗೆ, ಸಮಯ ಸಿಕ್ಕಿರಲಿಲ್ಲ.

ಹೆಜ್ಜೆ 1: ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ಅರ್ಧ ಗಂಟೆ ಅರ್ಥ ಮಾಡಿಕೊಂಡು ಓದಿ.

ಹೆಜ್ಜೆ 2: ಪುಸ್ತಕ ಮುಚ್ಚಿ ಎದ್ದು ಹೋಗಿ. ಎಲ್ಲರೂ ಎಡವುವುದು ಇಲ್ಲೇ. ಕಲಿಯುವಾಗ ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಕ್ಯಾಲ್ಸಿಯಂ ಒಳನುಗ್ಗಿ ಕ್ಯಾಮ್‌ಕೈನೇಸ್-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇದರ ಹನ್ನೆರಡು ಘಟಕಗಳು ಅಕ್ಕಪಕ್ಕದವಕ್ಕೆ ಫಾಸ್ಫೇಟ್ ಎಂಬ ರಾಸಾಯನಿಕ ತುಣುಕನ್ನು ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಆದರೆ ಅಂಟಿಸಿದ ಫಾಸ್ಫೇಟನ್ನು ಕೀಳುವ ಫಾಸ್ಫಟೇಸ್ ಕಿಣ್ವಗಳೂ ಅಲ್ಲೇ ಇವೆ. ನೆನಪು ದಿನಗಟ್ಟಲೆ ನಿಲ್ಲಬೇಕಾದರೆ ಪಿಕೆಎ ಎಂಬ ಇನ್ನೊಂದು ಕಿಣ್ವ ಕೋಶಕೇಂದ್ರಕ್ಕೆ ಹೋಗಿ ಕ್ರೆಬ್ ಪ್ರೋಟೀನನ್ನು ಚಾಲೂ ಮಾಡಬೇಕು; ಜೀನ್‌ಗಳು ಕೆಲಸಕ್ಕಿಳಿದು ಹೊಸ ಪ್ರೋಟೀನ್ ತಯಾರಾಗಬೇಕು. ಅಪ್ಲೀಸಿಯಾ ಎಂಬ ಕಡಲಜೀವಿಯಲ್ಲಿ ಈ ದಾರಿಯನ್ನು ಬಿಡಿಸಿಟ್ಟ ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಈ ಕೆಲಸಕ್ಕೆ ಬಿಡುವು ಬೇಕು. ಹಣ್ಣುನೊಣಗಳಿಗೆ 15 ನಿಮಿಷ ಬಿಟ್ಟು ಬಿಟ್ಟು 10 ಸುತ್ತು ಕಲಿಸಿದಾಗ ನೆನಪು ವಾರದವರೆಗೆ ಉಳಿಯಿತು. ಬಿಡುವಿಲ್ಲದೆ 10 ಸುತ್ತು ಕಲಿಸಿದಾಗ ಅದು ಬೇಗ ಅಳಿಸಿಹೋಯಿತು. 2002ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಫಾಸ್ಫೇಟ್ ಕೀಳುವ ಕಿಣ್ವಗಳಲ್ಲೊಂದಾದ ಫಾಸ್ಫಟೇಸ್-1 ಅನ್ನು ತಡೆದು ನೋಡಿದರು. ಅವು ಚಿಕ್ಕ ಬಿಡುವಿನಲ್ಲೇ ಚೆನ್ನಾಗಿ ಕಲಿತವು. ನಮಗೆ ಆ ಸೌಲಭ್ಯವಿಲ್ಲ, ಹಾಗಾಗಿ ಕಾಯಲೇಬೇಕು. ನೊಣದ 15 ನಿಮಿಷವನ್ನು ಹಾಗೇ ನಕಲು ಮಾಡಬೇಡಿ. ಅದೇ ಅಧ್ಯಾಯಕ್ಕೆ ಅದೇ ಸಂಜೆ, ಮರುದಿನ, ನಾಲ್ಕನೇ ದಿನ, ಮುಂದಿನ ವಾರ ಮರಳಿ ಬನ್ನಿ: ನಾನು ಹೇಳುವುದು ಇದನ್ನೇ.

‘ಜ್ಞಾಪಕಶಕ್ತಿ’ ಟಾನಿಕ್‌ಗಳಿಗೆ ದುಡ್ಡು ಸುರಿಯಬೇಡಿ. ಕಿಣ್ವವೆಂದರೆ ಪ್ರೋಟೀನ್, ಬಾಯಿಂದ ಕುಡಿದದ್ದು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಮಿದುಳಿಗೆ ಹೋಗಿ ಕೂರುವುದಿಲ್ಲ. ಹೈಲೈಟರ್ ಕೂಡ ಬೇಡ. ಬಣ್ಣ ಬಳಿದ ಸಾಲು ಕಣ್ಣಿಗೆ ಪರಿಚಿತವಾಗುತ್ತದೆ, ನೆನಪಿಗಲ್ಲ.

ಹೆಜ್ಜೆ 3: ಪ್ರತಿ ಸಲ ಮೊದಲು ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿಸಿ.

ಹೆಜ್ಜೆ 4: ನಿದ್ದೆ ಕೆಡಬೇಡಿ. ಪರೀಕ್ಷೆ ನಾಳೆಯೇ ಇದ್ದರೂ ಎರಡು ವಿಷಯಗಳನ್ನು ಅದಲುಬದಲು ಮಾಡಿ ಓದಿ, ಹತ್ತೂವರೆಗೆ ದೀಪ ಆರಿಸಿ.