ಎರಡು ಬಗೆಯ ಆಟಕ್ಕೆ ಒಂದು ಕಂಪ್ಯೂಟರ್

ನಮ್ಮ ಕಡೆ ಆಟ ಎಂದರೆ ಮೊದಲು ಯಕ್ಷಗಾನ, ಉಳಿದದ್ದೆಲ್ಲ ಆಮೇಲೆ. ಹೊನ್ನಾವರ ತಾಲ್ಲೂಕಿನ ಸುತ್ತಮುತ್ತ ನಡೆಯುವ ಬಯಲಾಟಗಳನ್ನು ಎರಡು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವ ನನಗೆ ಎಡಿಟಿಂಗ್‌ಗೂ, ಕಾಲೇಜಿಗೆ ಹೋಗುವ ನನ್ನ ತಮ್ಮನಿಗೆ ಗೇಮ್‌ಗಳಿಗೂ ಒಂದೇ ಕಂಪ್ಯೂಟರ್ ಬೇಕಾಗಿತ್ತು. 2023ರ ಮಳೆಗಾಲಕ್ಕೆ ಮುಂಚೆ ನಾವಿಬ್ಬರೇ ಬಿಡಿಭಾಗಗಳನ್ನು ಆರಿಸಿ ಜೋಡಿಸಿದೆವು. ಸಾಮಾನ್ಯವಾಗಿ ಆಯ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಶುರುವಾಗುತ್ತದೆ. ನಾನು ಕ್ಯಾಮೆರಾದಿಂದ ಬರುವ ಫೈಲ್‌ನಿಂದ ಶುರು ಮಾಡಿದೆ, ಅದೇ ಸರಿಯೆಂದು ಈಗಲೂ ನಂಬಿದ್ದೇನೆ.

ನನ್ನ ಕ್ಯಾಮೆರಾ 4ಕೆ ವಿಡಿಯೊವನ್ನು ಎಚ್.265 ಎಂಬ ಕುಗ್ಗಿಸಿದ ರೂಪದಲ್ಲಿ, ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್, 4:2:2 ಬಗೆಯಲ್ಲಿ, ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸುತ್ತದೆ. ಗಂಟೆಗೆ 45 ಜಿಬಿ, ಆರು ತಾಸಿನ ಆಟಕ್ಕೆ ಎರಡು ಕ್ಯಾಮೆರಾ ಸೇರಿ 540 ಜಿಬಿ. ಇಂಥ ಫೈಲ್‌ನಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರವಾಗಿರುವುದಿಲ್ಲ, ಅಕ್ಕಪಕ್ಕದ ಫ್ರೇಮುಗಳಿಂದ ಆದ ವ್ಯತ್ಯಾಸವಷ್ಟೇ ಅದರಲ್ಲಿರುತ್ತದೆ. ಹಾಗಾಗಿ ವೇಷ ರಂಗಕ್ಕೆ ಬರುವ ಒಂದೇ ಒಂದು ಕ್ಷಣವನ್ನು ತೋರಿಸಬೇಕಾದರೂ ಕಂಪ್ಯೂಟರ್ ಹಲವು ಫ್ರೇಮುಗಳನ್ನು ಬಿಡಿಸಬೇಕಾಗುತ್ತದೆ, ಅಂದರೆ ಡಿಕೋಡ್ ಮಾಡಬೇಕಾಗುತ್ತದೆ. ನಾವು ಮನಸ್ಸು ಮಾಡಿದ್ದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದೆ, ಗೇಮ್‌ಗಳಿಗೂ ಕಲರ್ ಗ್ರೇಡಿಂಗ್‌ಗೂ (ದೃಶ್ಯದ ಬಣ್ಣ ಹದಗೊಳಿಸುವುದಕ್ಕೂ) ಅದು ಒಳ್ಳೆಯದೇ. ಆದರೆ 4:2:2 ವಿಡಿಯೊವನ್ನು ಬಿಡಿಸುವ ವ್ಯವಸ್ಥೆ ಅದರಲ್ಲಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ, ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ, ಅದು ಇದೆ. ಆದ್ದರಿಂದ ಆರು ಕೋರ್‌ಗಳ ಐ5-12400 ನಮ್ಮ ಆಯ್ಕೆಯಾಯಿತು.

ಹುಬ್ಬಳ್ಳಿಯ ಅಂಗಡಿಯವರು, "ಎಫ್ ಇರೋದು ತಗೋರಿ ಸರ್, ರೊಕ್ಕ ಉಳೀತೈತಿ. ಕಾರ್ಡ್ ಹೆಂಗೂ ಹಾಕಸ್ತೀರಲ್ರಿ" ಎಂದರು. ಗೇಮ್ ಮಾತ್ರ ಆಡುವವರಿಗೆ ಅದು ಪ್ರಾಮಾಣಿಕ ಸಲಹೆಯೇ. ಆದರೆ 12400ಎಫ್‌ನಲ್ಲಿ ಆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅದರೊಂದಿಗೆ ಕ್ವಿಕ್ ಸಿಂಕ್ ಕೂಡ ಹೋಗುತ್ತದೆ. ಹೆಚ್ಚಿನ ದುಡ್ಡು ಕೊಟ್ಟು ಎಫ್ ಇಲ್ಲದ್ದನ್ನೇ ತಂದೆ.

ಇಷ್ಟು ಎಚ್ಚರ ವಹಿಸಿದ ನಾನು ರ‍್ಯಾಮ್‌ನಲ್ಲಿ ತಪ್ಪಿದೆ. 12400 ಕೂರುವ ಎಲ್‌ಜಿಎ 1700 ಸಾಕೆಟ್ಟಿನ ಬಿ660 ಮದರ್‌ಬೋರ್ಡುಗಳು ಎರಡು ಬಗೆಯಲ್ಲಿ ಬರುತ್ತವೆ: ಕೆಲವು ಡಿಡಿಆರ್4 ಎಂಬ ಹಿಂದಿನ ತಲೆಮಾರಿನ ರ‍್ಯಾಮ್‌ಗೆ, ಕೆಲವು ಹೊಸ ತಲೆಮಾರಿನ ಡಿಡಿಆರ್5ಕ್ಕೆ. ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ ಎಂದು ಓದಿ ಬೋರ್ಡ್ ಕೂಡ ಒಪ್ಪುತ್ತದೆಂದು ತಿಳಿದೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ತರಿಸಿದ್ದು ಗೊತ್ತಾದದ್ದು ಕೈಯಲ್ಲಿ ಹಿಡಿದಾಗಲೇ. ಎರಡರಲ್ಲೂ 288 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಕೂರುವುದೇ ಇಲ್ಲ, ಒತ್ತಿದರೆ ಸ್ಲಾಟ್ ಮುರಿದೀತು. ಮರಳಿಸಿ, 16 ಜಿಬಿಯ ಎರಡು ಡಿಡಿಆರ್4 ಪಟ್ಟಿ ತರಿಸಲು ವಾರ ಹಿಡಿಯಿತು. ಬೋರ್ಡಿನ ಪೂರ್ತಿ ಹೆಸರನ್ನು, ಕೊನೆಯ ಅಕ್ಷರದವರೆಗೂ, ತಯಾರಕರ ಪುಟದಲ್ಲಿ ನೋಡಿಯೇ ರ‍್ಯಾಮ್ ಕೊಳ್ಳಬೇಕು. ಗೆಳೆಯರೊಬ್ಬರು ಕೊಟ್ಟ ಹಳೆಯ ಕೂಲರ್ ಕೂಡ ಹೊಂದಲಿಲ್ಲ: ಹಿಂದಿನ ಎಲ್‌ಜಿಎ 1200ರಲ್ಲಿ ತೂತುಗಳ ಅಂತರ 75 ಮಿಲಿಮೀಟರ್, ಇದರಲ್ಲಿ 78. ಪ್ರೊಸೆಸರ್ ಜೊತೆ ಬಂದ ಕೂಲರನ್ನೇ ಹಾಕಿದೆವು.

ಕ್ಯಾಬಿನೆಟ್ ವಿಷಯದಲ್ಲಿ ಕಾರ್ಡಿನ ಉದ್ದ ಅಳೆದು ನೋಡಿದ್ದು ಬಿಟ್ಟರೆ ಹೆಚ್ಚು ಯೋಚಿಸಲಿಲ್ಲ. ವಿದ್ಯುತ್ತಿನ ಲೆಕ್ಕಕ್ಕೆ ಮಾತ್ರ ಎರಡು ಸಂಜೆ ಕೊಟ್ಟೆ. ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆಯೇ ನನಗೆ ಎಡಿಟಿಂಗ್‌ಗೆ ಪುರಸೊತ್ತು, ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದೂ ಆಗಲೇ. ಪ್ರೊಸೆಸರ್ ಗರಿಷ್ಠ 117 ವ್ಯಾಟ್, ಕಾರ್ಡ್ 170 ವ್ಯಾಟ್, ಉಳಿದವು ಸೇರಿ ಸುಮಾರು 350. ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಸಾಕೆಂದು ತಯಾರಕರು ಹೇಳಿದ್ದರೂ 650ರದ್ದನ್ನು ಕೊಂಡೆ. ಮನೆಯಲ್ಲಿದ್ದ 600 ವಿಎ ಯುಪಿಎಸ್ ಕೊಡುತ್ತಿದ್ದದ್ದು 360 ವ್ಯಾಟ್ ಮಾತ್ರ, ಮಾನಿಟರ್ ಸೇರಿದರೆ ಅದಕ್ಕೆ ಭಾರವಾಗುತ್ತಿತ್ತು. ವಿಎ ಮತ್ತು ವ್ಯಾಟ್ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಹೊಸದನ್ನು ಕೊಳ್ಳುವಾಗ ಶುದ್ಧ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆ, ಕೊಡುವುದನ್ನೇ ಆರಿಸಿದೆ, ಏಕೆಂದರೆ ಈಗಿನ ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಹೊಂದಿಕೊಳ್ಳದೆ ಕರೆಂಟು ಹೋದ ಕ್ಷಣವೇ ಆಫ್ ಆಗಿಬಿಡುತ್ತವೆ. ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕರೆಸಿ ಹೊಸದಾಗಿ ಮಾಡಿಸಿದೆ.

ಜೋಡಿಸಿದ ದಿನ ತಮ್ಮನ ಗೇಮ್ ಸರಾಗವಾಗಿ ಓಡಿತು, ನನ್ನ ವಿಡಿಯೊ ಮಾತ್ರ ತಡವರಿಸಿತು. ಕಾರ್ಡ್ ಹಾಕಿದೊಡನೆ ಮದರ್‌ಬೋರ್ಡ್ ಒಳಗಿನ ಗ್ರಾಫಿಕ್ಸನ್ನು ತಾನೇ ನಿಲ್ಲಿಸಿತ್ತು. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಅದನ್ನು ಚಾಲೂ ಮಾಡಿ, ಅಲ್ಲಿಯೇ ರ‍್ಯಾಮ್‌ನ ವೇಗ ಏರಿಸುವ ಎಕ್ಸ್‌ಎಂಪಿ ಹಾಕಿ 2666ರಲ್ಲಿ ಓಡುತ್ತಿದ್ದ ರ‍್ಯಾಮನ್ನು 3200ಕ್ಕೆ ತಂದು, ಇಂಟೆಲ್ ಡ್ರೈವರ್ ಹಾಕಿದೆ. ಆಮೇಲೆ ಎರಡೂ ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಓಡಿಸಿದಾಗ ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಎಲ್ಲಿಯೂ ಅಂತರ ಬೀಳಲಿಲ್ಲ.